ಸೀಬೆಯೋ, ಸೇಬೋ: ಆರು ವಾರ ತಿಂದು ಹಾಕಿದ ಲೆಕ್ಕ

ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಸೀಬೆಹಣ್ಣು ಕೊಂಡೊಯ್ದವರನ್ನು ನಾನು ಇದುವರೆಗೆ ಕಂಡಿಲ್ಲ. ಆ ಮರ್ಯಾದೆ ಸೇಬಿಗೆ ಮಾತ್ರ. ಕಳೆದ ನವೆಂಬರಿನಲ್ಲಿ ನನ್ನ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕೊಂಚ ಕಡಿಮೆ ಬಂದಾಗ ನಮ್ಮ ಅತ್ತೆಯವರು ಹೇಳಿದ್ದೂ ಅದನ್ನೇ: "ದಿನಕ್ಕೊಂದು ಸೇಬು ತಿನ್ನಮ್ಮ, ಕೆಂಪಗಿದೆ, ರಕ್ತ ಆಗುತ್ತದೆ." ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಊಟದ ಜೊತೆ ಹಣ್ಣೂ ಇರಲಿ ಎಂದಿದ್ದರು. ಯಾವ ಹಣ್ಣು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಹಟ ಹುಟ್ಟಿತು. ಮೂರು ವಾರ ಸೇಬು, ಮೂರು ವಾರ ಸೀಬೆ, ಎರಡೂ ಮಧ್ಯಾಹ್ನದ ಊಟದ ಬೆನ್ನಿಗೇ.

ಅತ್ತೆಯವರ ವಾದವನ್ನು ಮೊದಲು ಮುಗಿಸಿಬಿಡುತ್ತೇನೆ. ಸೇಬಿನ ಸಿಪ್ಪೆಯ ಕೆಂಪು ಆಂಥೋಸಯನಿನ್ ಎಂಬ ಬಣ್ಣದ್ದು, ಕಬ್ಬಿಣದ್ದಲ್ಲ. 100 ಗ್ರಾಂ ಸೇಬಿನಲ್ಲಿರುವ ಕಬ್ಬಿಣ ಸುಮಾರು 0.1 ಮಿಲಿಗ್ರಾಂ. ಸೀಬೆಯಲ್ಲಿ ಅದಕ್ಕಿಂತ ಎರಡು ಪಟ್ಟು ಇದ್ದರೂ ಅದೂ ಲೆಕ್ಕಕ್ಕೆ ಬರುವಂಥದ್ದಲ್ಲ. ರಕ್ತಕ್ಕಾಗಿ ಹಣ್ಣಿನಲ್ಲಿ ಕಬ್ಬಿಣ ಹುಡುಕುವುದೇ ತಪ್ಪು. ಹುಡುಕಬೇಕಾದದ್ದು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟಾಗ ನನ್ನ ಸೇಬು 180 ಗ್ರಾಂ, ಸೀಬೆ 160 ಗ್ರಾಂ ತೂಗಿತು. ಸೇಬಿನ ನಡುವಿನ ಗಟ್ಟಿ ಭಾಗ ಕಸದ ಬುಟ್ಟಿಗೆ ಹೋಯಿತು; ಸೀಬೆಯಲ್ಲಿ ತೊಟ್ಟು ಬಿಟ್ಟರೆ ಎಸೆಯಲು ಏನೂ ಇಲ್ಲ. 100 ಗ್ರಾಂ ಸೇಬಿನಲ್ಲಿ 52 ಕ್ಯಾಲೊರಿ, 10 ಗ್ರಾಂ ಸಕ್ಕರೆ, 2.4 ಗ್ರಾಂ ನಾರು. ಸೀಬೆಯಲ್ಲಿ 68 ಕ್ಯಾಲೊರಿ, ಆದರೆ ಸಕ್ಕರೆ 9 ಗ್ರಾಂ, ನಾರು 5.4 ಗ್ರಾಂ. ಪೊಟ್ಯಾಸಿಯಂ ಸೇಬಿನಲ್ಲಿ 107 ಮಿಲಿಗ್ರಾಂ ಇದ್ದರೆ ಸೀಬೆಯಲ್ಲಿ 400 ದಾಟುತ್ತದೆ. ಸೀಬೆಯಲ್ಲಿ ಎರಡೂವರೆ ಗ್ರಾಂ ಪ್ರೋಟೀನ್ ಕೂಡ ಇದೆ, ಹಣ್ಣಿನ ಮಟ್ಟಿಗೆ ಇದು ದೊಡ್ಡ ಮಾತು. ಸೇಬಿನಲ್ಲಿ ಅದು ಹೆಸರಿಗಷ್ಟೇ.

ಇವೆಲ್ಲ ಒಂದು ತೂಕವಾದರೆ ಸಿ ಜೀವಸತ್ವದ್ದೇ ಒಂದು ತೂಕ. 100 ಗ್ರಾಂ ಸೇಬಿನಲ್ಲಿ ಅದು ಐದು ಮಿಲಿಗ್ರಾಂ ಕೂಡ ಇಲ್ಲ. ಸೀಬೆಯಲ್ಲಿ, ತಳಿ ಮತ್ತು ಹದ ನೋಡಿಕೊಂಡು, 200ರ ಮೇಲೆ. ನಮ್ಮಂಥ ಹೆಂಗಸರಿಗೆ ದಿನಕ್ಕೆ ಬೇಕಾದದ್ದು 65 ಮಿಲಿಗ್ರಾಂ, ಗಂಡಸರಿಗೆ 80. ಅಂದರೆ ನಾಲ್ಕು ಹೋಳು ಮಾಡಿದ ಸೀಬೆಯ ಒಂದು ಹೋಳಿಗೇ ಆ ದಿನದ ಲೆಕ್ಕ ಚುಕ್ತಾ. ಅಷ್ಟನ್ನೇ ಸೇಬಿನಿಂದ ಪಡೆಯುತ್ತೇನೆಂದರೆ ಒಂದೂವರೆ ಕಿಲೋ ತಿನ್ನಬೇಕಾದೀತು. ಆದರೆ ಸೀಬೆಯನ್ನು ಹೊಗಳುವವರು ಇಲ್ಲಿ ಒಂದು ವಿಷಯ ಮುಚ್ಚಿಡುತ್ತಾರೆ: ಮಿಕ್ಕ ಮೂರು ಹೋಳಿನ ಸಿ ಜೀವಸತ್ವವನ್ನು ದೇಹ ಕೂಡಿಡುವುದಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ನಲವತ್ತು ಪಟ್ಟು ಹೆಚ್ಚಿದೆ ಎಂದರೆ ನಲವತ್ತು ಪಟ್ಟು ಲಾಭ ಎಂದಲ್ಲ.

ಹಾಗಿದ್ದರೂ ಆ ಮೊದಲ ಹೋಳು ನನಗೆ ಬೇಕಿತ್ತು. ಮನೆಯಿಂದ ನಾನು ಒಯ್ಯುವ ಡಬ್ಬಿಯಲ್ಲಿ ವಾರಕ್ಕೆ ಮೂರು ದಿನವಾದರೂ ರಾಗಿ ರೊಟ್ಟಿ, ಸೊಪ್ಪಿನ ಪಲ್ಯ ಇರುತ್ತದೆ. ರಾಗಿಯಲ್ಲೂ ಸೊಪ್ಪಿನಲ್ಲೂ ಕಬ್ಬಿಣ ಇದೆ, ಆದರೆ ಅದು ಸುಲಭಕ್ಕೆ ಮೈಗೆ ಹತ್ತುವ ಬಗೆಯದಲ್ಲ. ರಾಗಿಯಂಥ ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹಿಡಿತ ಸಡಿಲವಾಗಿ ಕಬ್ಬಿಣ ಹೀರಿಕೊಳ್ಳುವುದು ಹೆಚ್ಚುತ್ತದೆ. ಊಟವಾದೊಡನೆ ಕಾಫಿ ಹೀರುವ ನಮ್ಮ ಚಾಳಿ ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ಸೀಬೆಯ ವಾರಗಳಲ್ಲಿ ಕಾಫಿಯನ್ನು ನಾಲ್ಕು ಗಂಟೆಗೆ ತಳ್ಳಿದೆ. ಹೀಗೆ ತಳ್ಳಿದ್ದು ಸೀಬೆ ತಿನ್ನುವುದಕ್ಕಿಂತ ಕಷ್ಟವಾಯಿತು.

ಮಾತ್ರೆಯನ್ನೂ ನುಂಗುತ್ತಿದ್ದುದರಿಂದ ಆಮೇಲೆ ಏರಿದ ಹಿಮೋಗ್ಲೋಬಿನ್‌ನ ಕೀರ್ತಿಯನ್ನು ಯಾವ ಹಣ್ಣಿಗೂ ಕೊಡಲಾರೆ. ಹಸಿವಿನ ವಿಷಯದಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಬಿತ್ತು. ಸೇಬಿನ ವಾರಗಳಲ್ಲಿ ಐದು ಗಂಟೆಗೆ ಮೇಜಿನ ಡ್ರಾಯರ್‌ನಲ್ಲಿದ್ದ ಬಿಸ್ಕತ್ತಿಗೆ ಕೈ ಹೋಗುತ್ತಿತ್ತು. ಸೀಬೆಯ ವಾರಗಳಲ್ಲಿ ಹೊಟ್ಟೆ ತುಂಬಿದಂತಿದ್ದು, ಮನೆ ಮುಟ್ಟುವವರೆಗೂ ಸುಮ್ಮನಿತ್ತು. ಮೊದಲ ಎರಡು ದಿನ ಹೊಟ್ಟೆ ಉಬ್ಬರಿಸಿದ್ದನ್ನೂ ಹೇಳಬೇಕು. ಅದು ಹಣ್ಣಿನ ತಪ್ಪಲ್ಲ. ದೋರೆಗಾಯಿಯನ್ನು ಇಡಿಯಾಗಿ ತಿಂದ ನನ್ನ ಆತುರದ್ದು. ಮೂರನೆಯ ದಿನದಿಂದ ಹಳದಿ ತಿರುಗಿ ಘಮ್ಮೆನ್ನುವ ಹಣ್ಣನ್ನೇ ಆರಿಸಿದೆ.

ಆ ಘಮದಿಂದ ಬೇರೊಂದು ಫಜೀತಿಯಾಯಿತು. ಕಚೇರಿಯ ಫ್ರಿಜ್ಜಿನಲ್ಲಿ ಎರಡು ಸೀಬೆ ಇಟ್ಟು ಮರೆತಿದ್ದೆ. ಮರುದಿನ ಎಲ್ಲರ ಮೊಸರನ್ನಕ್ಕೂ ಸೀಬೆಯ ವಾಸನೆ. ಸೇಬು ಅಂಥ ತಂಟೆ ಮಾಡುವುದಿಲ್ಲ, ಹೆಚ್ಚಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ ಎನ್ನುವುದೊಂದೇ ಅದರ ಮೇಲಿನ ದೂರು. ನಿಂಬೆರಸ ಸವರಿದರೆ ಅದೂ ಇಲ್ಲ. ಸೇಬಿನ ಸಿಪ್ಪೆ ತೆಗೆಯುವವರು ಒಂದು ಗಮನಿಸಬೇಕು: ಸಿಪ್ಪೆಯ ಜೊತೆಗೆ ಸುಮಾರು ಅರ್ಧದಷ್ಟು ನಾರು ಹೊರಟುಹೋಗುತ್ತದೆ. ಮೇಣದ ಹೊಳಪಿಗೆ ಹೆದರಿ ನಾನೂ ಒಂದು ವಾರ ಸಿಪ್ಪೆ ತೆಗೆದೇ ತಿಂದೆ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯುವುದು ರೂಢಿಯಾಯಿತು.

ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಗಾಂಧಿಬಜಾರಿನಲ್ಲಿ ನಾನು ಕೊಂಡ ಸೇಬಿನ ಒಂದು ಕಿಲೋ ಹಣಕ್ಕೆ ಎರಡೂವರೆ ಕಿಲೋ ಸೀಬೆ ಬಂತು. ಸೇಬು ಕಾಶ್ಮೀರ, ಹಿಮಾಚಲದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ದದ್ದು. ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದು ಇಲ್ಲಿಗೆ ಬಂದಾಗ ಕೆಲವು ಹಿಟ್ಟುಹಿಟ್ಟಾಗಿರುತ್ತವೆ. ಸೀಬೆ ಪಕ್ಕದ ಊರಿನದು. ಕೆಂಪು ತಿರುಳಿನ ಅರ್ಕಾ ಕಿರಣ್ ತಳಿ ಹುಟ್ಟಿದ್ದೇ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ. ಟೊಮೆಟೊಗೆ ಬಣ್ಣ ಕೊಡುವ ಲೈಕೊಪೀನ್ ಅದರಲ್ಲಿ ಧಾರಾಳವಾಗಿದೆ. ತಳ್ಳುಗಾಡಿಯವನು ಅದನ್ನು ತೊಟ್ಟಿನ ಕಡೆಯಿಂದ ನಾಲ್ಕು ಸೀಳು ಹಾಕಿ, ಹೂವಿನಂತೆ ಬಿಡಿಸಿ, ಒಳಗೆ ಉಪ್ಪು ಖಾರ ಸವರಿ ಕೊಟ್ಟರೆ ಬೇಡವೆನ್ನುವುದು ಯಾರಿಂದಲೂ ಆಗದು. ರಕ್ತದೊತ್ತಡವಿರುವ ನಮ್ಮ ಯಜಮಾನರಿಗೆ ಮಾತ್ರ ಆ ಉಪ್ಪು ಬೇಡ, ಖಾರದಪುಡಿ ಒಂದೇ ಸಾಕು ಎಂದು ಗಾಡಿಯವನಿಗೆ ಹೇಳಿಟ್ಟಿದ್ದೇನೆ.

ಅತ್ತೆಯವರ ಮಟ್ಟಿಗೆ ಸೀಬೆ ಸೋತಿತು. ಕಟ್ಟಿಸಿದ ಹಲ್ಲಿನ ಅಡಿಗೆ ಒಂದು ಬೀಜ ಸೇರಿದರೆ ಇಡೀ ಸಂಜೆ ಹಾಳು. ತಿರುಳನ್ನು ಜರಡಿಯಲ್ಲಿ ಒತ್ತಿ ಬೀಜ ತೆಗೆದು ಬಟ್ಟಲಿನಲ್ಲಿ ಕೊಟ್ಟೆ. ಎರಡು ಚಮಚ ತಿಂದು "ಚೆನ್ನಾಗಿದೆ, ಆದರೆ ನನಗೆ ಸೇಬೇ ಬೇಯಿಸಿಕೊಡು" ಎಂದರು. ಬೇಯಿಸಿದ ಸೇಬಿನಲ್ಲಿರುವ ಪೆಕ್ಟಿನ್ ಎಂಬ ಮೆತ್ತನೆಯ ನಾರು ಅವರ ನಾಜೂಕು ಹೊಟ್ಟೆಗೆ ಹಿತವಾಗಿದೆ, ಹಾಗಾಗಿ ವಾರಕ್ಕೆ ಎರಡು ಸೇಬು ಈಗಲೂ ನಮ್ಮ ಮನೆಗೆ ಬರುತ್ತವೆ. ನನ್ನ ಡಬ್ಬಿಗೆ ಚಳಿಗಾಲ ಮುಗಿಯುವವರೆಗೆ ಸೀಬೆ. ಮಳೆಗಾಲದ ಸೀಬೆಯಲ್ಲಿ ಹಣ್ಣುನೊಣದ ಹುಳು ಹೆಚ್ಚು. ಆಗ ಕಚ್ಚುವ ಮೊದಲು ಹೆಚ್ಚಿ ನೋಡುತ್ತೇನೆ.