ತಂಗಿ ಮಗಳನ್ನು ನಮ್ಮ ಟ್ಯಾಕ್ಸ್‌ನಲ್ಲಿ ತೋರಿಸಬಹುದಾ? ಐಆರ್‌ಎಸ್‌ನ ಬಿಟ್ಟಿ ಟೂಲ್ ಹೇಗಿದೆ

ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಫೆಬ್ರವರಿ ಬಂತೆಂದರೆ ಇದೇ ಮಾತು. ಅಕ್ಕನ ಮಗ ನಮ್ಮನೆಯಲ್ಲೇ ಇದ್ದು ಓದುತ್ತಿದ್ದಾನೆ, ಅವನನ್ನು ನಮ್ಮ ಟ್ಯಾಕ್ಸ್ ರಿಟರ್ನ್‌ನಲ್ಲಿ ಡಿಪೆಂಡೆಂಟ್, ಅಂದರೆ ನಮ್ಮನ್ನೇ ನಂಬಿಕೊಂಡಿರುವವನು ಅಂತ ಹಾಕಬಹುದಾ? ಒಬ್ಬರು ಧಾರಾಳವಾಗಿ ಹಾಕಿ ಅಂತಾರೆ, ಇನ್ನೊಬ್ಬರು ನೋಟಿಸ್ ಬರುತ್ತೆ ಅಂತ ಹೆದರಿಸುತ್ತಾರೆ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಸೈಟಿನಲ್ಲೇ ಇದಕ್ಕೊಂದು ಟೂಲ್ ಇದೆ, ‘ಹೂಮ್ ಮೇ ಐ ಕ್ಲೇಮ್ ಆ್ಯಸ್ ಎ ಡಿಪೆಂಡೆಂಟ್’ ಅಂತ. ದುಡ್ಡು ಕೊಡಬೇಕಿಲ್ಲ, ಹೆಸರೂ ಕೇಳುವುದಿಲ್ಲ.

ನಮ್ಮ ಕಥೆ ಇಷ್ಟು. ಗಂಡ ಹೋದ ಮೇಲೆ ತಂಗಿ ತನ್ನ 8 ವರ್ಷದ ಮಗಳ ಜೊತೆ ನಮ್ಮನೆಗೇ ಬಂದಳು. 2025ರಲ್ಲಿ ಇಡೀ ವರ್ಷ ಇಲ್ಲೇ ಇದ್ದರು. ತಂಗಿಗೆ ಸುಮಾರು 18,000 ಡಾಲರ್ ಸಂಬಳ.

ಟೂಲ್ ಒಂದೊಂದೇ ಪ್ರಶ್ನೆ ಕೇಳುತ್ತದೆ. ಮಗು ನಿಮಗೇನಾಗಬೇಕು, ವಯಸ್ಸೆಷ್ಟು, ಅರ್ಧ ವರ್ಷಕ್ಕಿಂತ ಜಾಸ್ತಿ ನಿಮ್ಮ ಜೊತೆ ಇತ್ತಾ, ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಾ, ಹೀಗೆ. ಸ್ವಂತ ಅಣ್ಣ ತಮ್ಮ ಅಕ್ಕ ತಂಗಿಯರ ಮಕ್ಕಳಾದರೆ, 19 ತುಂಬಿರಬಾರದು, ಫುಲ್‌ಟೈಮ್ ಓದುತ್ತಿದ್ದರೆ 24 ತುಂಬುವವರೆಗೂ ನಡೆಯುತ್ತದೆ. ದೊಡ್ಡಪ್ಪನ ಮಗನ ಮಕ್ಕಳಿಗೆ ಈ ದಾರಿ ಇಲ್ಲ. ನಮಗೆ ಅವನೂ ಅಣ್ಣನೇ, ಐಆರ್‌ಎಸ್‌ಗೆ ಅಲ್ಲ. ಆ ಮಕ್ಕಳು ಇಡೀ ವರ್ಷ ನಮ್ಮನೆಯಲ್ಲಿರಬೇಕು, ಅರ್ಧಕ್ಕಿಂತ ಜಾಸ್ತಿ ಖರ್ಚು ನಾವೇ ಹಾಕಿರಬೇಕು, ಅವರ ಆದಾಯ (2025ರ ಲೆಕ್ಕಕ್ಕೆ) 5,200 ಡಾಲರ್ ಮುಟ್ಟಿರಬಾರದು. ಇಷ್ಟೆಲ್ಲ ಆದರೂ ಸಿಗುವುದು 500 ಡಾಲರ್ ಕ್ರೆಡಿಟ್, ಅಂದರೆ ಟ್ಯಾಕ್ಸ್‌ನಲ್ಲಿ ಅಷ್ಟು ಕಡಿತ.

ಊರಲ್ಲಿರುವ ಅಣ್ಣನ ಮಕ್ಕಳ ಫೀಸು ಕಟ್ಟುವವರು ಇದನ್ನು ತೆರೆಯುವುದೇ ಬೇಡ. ಮಗು ಅಮೆರಿಕದ ಪ್ರಜೆಯೋ ಟ್ಯಾಕ್ಸ್ ಲೆಕ್ಕದಲ್ಲಿ ರೆಸಿಡೆಂಟೋ ಆಗಿರಬೇಕು, ಇಲ್ಲ ಕೆನಡಾ, ಮೆಕ್ಸಿಕೋದಲ್ಲಿರಬೇಕು. ಇಂಡಿಯಾ ಆ ಪಟ್ಟಿಯಲ್ಲಿಲ್ಲ. ಎಫ್‌-1 ವಿದ್ಯಾರ್ಥಿ ವೀಸಾದಲ್ಲಿ ಬಂದ ಅಕ್ಕನ ಮಗನೂ ಮೊದಲ 5 ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ನಾನ್‌ರೆಸಿಡೆಂಟೇ, ಒಂದೇ ಸೂರಿನಡಿ ಇದ್ದು ನಿಮ್ಮನೆ ಅನ್ನವೇ ಉಂಡರೂ ಅಷ್ಟೇ. ಇದನ್ನು ಮೊದಲೇ ತಿಳಿದುಕೊಂಡು ಕೂತರೆ ಒಳ್ಳೆಯದು, ಏಕೆಂದರೆ ನಾವು ಕೊಟ್ಟ ಉತ್ತರದ ಮೇಲೇ ಟೂಲ್ ನಡೆಯುತ್ತದೆ. ವರ್ಷದ ಮಧ್ಯೆ ಎಚ್‌-1ಬಿ ಕೆಲಸದ ವೀಸಾ ಮೇಲೆ ಬಂದಿಳಿದವರಿಗಂತೂ ಈ ಟೂಲ್ ಅಲ್ಲವೇ ಅಲ್ಲ. ಇಡೀ ವರ್ಷ ಪ್ರಜೆಯೋ ರೆಸಿಡೆಂಟೋ ಆಗಿದ್ದವರಿಗೆ ಮಾತ್ರ ಅಂತ ಅಲ್ಲೇ ಬರೆದಿದ್ದಾರೆ. ಮಗುವಿನ ಕಾಗದಪತ್ರ ಪಕ್ಕದಲ್ಲಿಟ್ಟುಕೊಳ್ಳಿ, 15 ನಿಮಿಷ ಸುಮ್ನೆ ಬಿಟ್ಟರೆ ಮತ್ತೆ ಮೊದಲಿಂದ ಶುರು.

ನಮ್ಮ ವಿಷಯದಲ್ಲಿ ಸಿಕ್ಕ ಉತ್ತರ, ಹಾಕಬಹುದು. ಆದರೆ ಮಗುವಿನ ಅಮ್ಮನೂ ಅದೇ ಮನೆಯಲ್ಲಿದ್ದಾಳೆ, ಮೊದಲ ಹಕ್ಕು ಅವಳದ್ದು. ಅವಳು ಬಿಟ್ಟುಕೊಟ್ಟರೆ, ನಮ್ಮ ಆದಾಯ ಅವಳದ್ದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ನಾವು.

ಯಾರು ಹಾಕಿದರೆ ಲಾಭ ಅಂತ ಮಾತ್ರ ಟೂಲ್ ಹೇಳುವುದಿಲ್ಲ. ನನಗೆ ಇದೇ ದೊಡ್ಡ ಕೊರತೆ ಅನಿಸಿತು. ನಾವು ಹಾಕಿದ್ದರೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ 2,200 ಡಾಲರ್. ತಂಗಿ ಹಾಕಿದರೆ ಅದರ ಬಹುಪಾಲು ಅವಳಿಗೂ ಸಿಗುತ್ತದೆ, ಮೇಲೆ ಕಡಿಮೆ ಸಂಬಳದವರಿಗೆ ಕೊಡುವ ಅರ್ನ್ಡ್ ಇನ್‌ಕಮ್ ಕ್ರೆಡಿಟ್ 4,328 ಡಾಲರ್! ಅರ್ಧ ನಿನಗೆ ಅರ್ಧ ನನಗೆ ಅನ್ನುವ ಹಾಗಿಲ್ಲ. ಮಗು ತಂಗಿಯ ರಿಟರ್ನ್‌ನಲ್ಲೇ ಹೋಯಿತು.