ಎಲೀಯನಿಗೆ ಮೊದಲು ರೊಟ್ಟಿ, ಆಮೇಲೆ ದರ್ಶನ: ಎರಡು ರಾತ್ರಿಯ ರಿಟ್ರೀಟ್ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ರಿಟ್ರೀಟ್‌ಗೆಲ್ಲ, ಅಂದರೆ ಊರಾಚೆ ಹೋಗಿ ಪ್ರಾರ್ಥನೆ ಉಪದೇಶ ಅಂತ ಒಂದೆರಡು ದಿನ ಇದ್ದು ಬರುವ ಶಿಬಿರಗಳಿಗೆಲ್ಲ, ಹೋಗುವ ಆಸಾಮಿಯಲ್ಲ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರು ವರ್ಷದಿಂದ ನಾನೇ ಖಜಾಂಚಿ. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಹೊರಗೆ ನಿಂತು ಕಾಫಿ ಕುಡಿಯುವಾಗ ನಾನು ಒಳಗೆ ಕೂತು ಕಾಣಿಕೆ ಎಣಿಸುತ್ತೇನೆ. ಕಾಣಿಕೆಗೆ ಬಂದ ಬೆಳೆಯನ್ನು ಚರ್ಚಿಗಾಗಿ ಕೂಗುವ ಹಾರ್ವೆಸ್ಟ್ ಫೆಸ್ಟಿವಲ್ ಹರಾಜಿನಲ್ಲಿ ಒಂದು ಕುಂಬಳಕಾಯಿ ನಾಲ್ಕು ಸಾವಿರಕ್ಕೆ ಹೋಗಿದ್ದು, ಅದನ್ನು ಕೂಗಿದವರು ಇವತ್ತಿನವರೆಗೂ ದುಡ್ಡು ಕೊಡದೆ ಇರುವುದು, ಜನರೇಟರ್ ಡೀಸೆಲ್ಲು, ಸ್ಮಶಾನದ ಕಾಂಪೌಂಡು, ತಲೆ ತುಂಬಾ ಇದೇ. ಪಾಸ್ಟರ್ ಪ್ರಸಂಗ (ಉಪದೇಶ) ನಡೆಯುವಾಗಲೂ ಇದೇ. ದೇವರ ಮನೆಯ ಲೆಕ್ಕ ಬರೆದು ಬರೆದು ದೇವರೇ ಲೆಕ್ಕಕ್ಕೆ ಸಿಗದ ಹಾಗೆ ಆಗಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಪಾಸ್‌ಬುಕ್ ಕಾಣುತ್ತಿತ್ತು, ತಮಾಷೆಗೆ ಹೇಳುತ್ತಿಲ್ಲ.

ಇದನ್ನೆಲ್ಲ ನೋಡಿ ಹೆಂಡತಿಗೆ ಸಾಕಾಗಿ, "ರೀ, ದುಡ್ಡು ಕಟ್ಟಿಬಿಟ್ಟಿದ್ದೀನಿ, ಸುಮ್ನೆ ಹೋಗಿ ಬನ್ನಿ" ಅಂದಳು. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ, ಊಟ ತಿಂಡಿ ಸೇರಿ 2,400 ರೂಪಾಯಿ. ಬೆಂಗಳೂರಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ. ನಡೆಸುವವರು ಒಬ್ಬರು ನಿವೃತ್ತ ಪಾಸ್ಟರ್. ಅವರ ಹೆಸರನ್ನಾಗಲಿ ಜಾಗದ ಹೆಸರನ್ನಾಗಲಿ ಇಲ್ಲಿ ಹಾಕುವುದಿಲ್ಲ, ಯಾಕೆಂದರೆ ದೂರುಗಳೂ ಇವೆ, ಮತ್ತೆ ನಮ್ಮ ಕ್ರೈಸ್ತ ಸಮಾಜದಲ್ಲಿ ಯಾರು ಯಾರಿಗೆ ನೆಂಟರು ಅಂತ ಹೇಳೋಕೆ ಆಗಲ್ಲ. ನಿಜವಾಗಿ ಹೋಗಬೇಕು ಅನ್ನಿಸಿದವರು ಕೇಳಿ, ಹೇಳುತ್ತೇನೆ.

ಜಾಗ ಪರವಾಗಿಲ್ಲ. ಮಾವಿನ ತೋಪು, ಹಳೇ ಹೆಂಚಿನ ಕಟ್ಟಡ, ಒಂದು ರೂಮಿಗೆ ಇಬ್ಬರು. ಹಾಸಿಗೆ ತೆಳು. ಬಿಸಿನೀರು ಬೆಳಿಗ್ಗೆ ಆರರಿಂದ ಏಳರವರೆಗೆ ಅಂತ ಬೋರ್ಡ್ ಇದೆ, ಆದರೆ ಆರೂಕಾಲಿಗೆ ಹೋದವನಿಗೆ ನನಗೆ ಸಿಕ್ಕಿದ್ದು ತಣ್ಣೀರು. ಫೋನನ್ನು ಗೇಟಿನಲ್ಲೇ ಇಸಿದುಕೊಂಡು, ನಂಬರ್ ಹಾಕಿದ ಬಟ್ಟೆ ಚೀಲದಲ್ಲಿ ಇಡುತ್ತಾರೆ. ಊಟಕ್ಕೆ ಮಾತ್ರ ಪೂರ್ತಿ ಮಾರ್ಕ್ಸ್. ಶನಿವಾರ ಮಧ್ಯಾಹ್ನ ಮುದ್ದೆ, ಬಸ್ಸಾರು, ಅದೇ ಸೊಪ್ಪಿನ ಪಲ್ಯ. ಅಡುಗೆ ಮಾಡುವ ಅಕ್ಕನಿಗೆ ಎರಡನೇ ಮುದ್ದೆ ಬೇಡ ಅಂದರೆ ಅರ್ಥವೇ ಆಗುವುದಿಲ್ಲ.

ಈಗ ಮುಖ್ಯ ವಿಷಯ. ಶುಕ್ರವಾರ ರಾತ್ರಿ ಊಟ ಆದ ಮೇಲೆ ಮೊದಲ ಕೂಟ. ಒಂದೂವರೆ ಗಂಟೆ ಎಳೆಯುತ್ತಾರೆ ಅಂತ ಗೋಡೆಗೆ ಒರಗಿಕೊಳ್ಳುವ ಜಾಗ ನೋಡಿಕೊಂಡು ಕೂತಿದ್ದೆ. ಪಾಸ್ಟರ್ ಮಾತಾಡಿದ್ದು ಇಪ್ಪತ್ತು ನಿಮಿಷ. ತೆಗೆದುಕೊಂಡಿದ್ದು ಬೈಬಲಿನ ಒಂದನೇ ಅರಸುಗಳ ಪುಸ್ತಕದ 19ನೇ ಅಧ್ಯಾಯ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ಅನ್ಯದೇವರ 450 ಪ್ರವಾದಿಗಳ ಎದುರು ಗೆದ್ದು ಬಂದಿದ್ದಾನೆ. ಅಷ್ಟು ದೊಡ್ಡ ಗೆಲುವು ಆದ ಮೇಲೆ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೊಂಡುಬಿಡು ಅನ್ನುತ್ತಾನೆ. ಆಗ ದೇವರು ಏನು ಮಾಡಿದ? ಬೈಯಲಿಲ್ಲ. ಉಪದೇಶ ಮಾಡಲಿಲ್ಲ. ಎಲೀಯ ಮಲಗಿದ. ದೇವದೂತ ಬಂದು ಮುಟ್ಟಿ, ಏಳು, ತಿನ್ನು ಅಂದ. ನೋಡಿದರೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ಅದನ್ನೇ ಹೇಳಿದ. ಹೋರೇಬ್ ಬೆಟ್ಟ, ಗಾಳಿ, ಭೂಕಂಪ, ಬೆಂಕಿ, ಕೊನೆಗೆ ದೇವರ ಆ ಮೆಲ್ಲನೆಯ ದನಿ, ಎಲ್ಲಾ ಬಂದಿದ್ದು ಇದಾಗಿ ನಲವತ್ತು ದಿನ ನಡೆದ ಮೇಲೆ.

"ನಾವು ನೇರವಾಗಿ ಹೋರೇಬಿಗೆ ಬಸ್ ಹಿಡೀತೀವಿ. ಊಟ ನಿದ್ದೆ ಬಿಟ್ಟು ಉಜ್ಜೀವನ, ಅಂದ್ರೆ ಭಕ್ತಿಗೆ ಹೊಸ ಜೀವ, ಕೇಳ್ತೀವಿ. ಈಗ ಹೋಗಿ ಮಲಗಿ" ಅಂದರು, ಪ್ರಾರ್ಥನೆ ಮಾಡಿ ಕಳಿಸಿಯೇಬಿಟ್ಟರು. ಒಂಬತ್ತೂಕಾಲಿಗೆ! ಶನಿವಾರದ ಕಾರ್ಯಕ್ರಮ ಪಟ್ಟಿಯಲ್ಲೂ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ "ಮಲಗುವುದು" ಅಂತ ಪ್ರಿಂಟ್ ಹಾಕಿಸಿದ್ದರು. ನಮ್ಮ ಗುಂಪಿನಲ್ಲಿ ಒಬ್ಬರು, ದುಡ್ಡು ಕೊಟ್ಟು ಬಂದಿರೋದು ಮಲಗೋಕಾ ಪಾಸ್ಟರ್ ಅಂತ ಕೇಳಿಯೂ ಬಿಟ್ಟರು. "ಎಲೀಯನ್ನ ದೇವದೂತ ಎರಡು ಸಲ ಮಲಗೋಕೆ ಬಿಟ್ಟ ಕಣಪ್ಪಾ, ನಾನು ಒಂದೇ ಸಲ ಬಿಡ್ತಾ ಇರೋದು" ಅಂತ ಉತ್ತರ. ನಾನು ಆ ಎರಡು ಗಂಟೆ ಸತ್ತವನ ಹಾಗೆ ಮಲಗಿದ್ದೆ.

ಶನಿವಾರ ಬೆಳಿಗ್ಗೆಯ ಕೂಟ ನನಗೆ ಎಲ್ಲಕ್ಕಿಂತ ಹಿಡಿಸಿತು. ಹೊಸದಾಗಿ ನಂಬಿಕೆಗೆ ಬಂದವರ ಸಾಕ್ಷಿಗಳನ್ನು, ಅಂದರೆ ಅನುಭವದ ಮಾತುಗಳನ್ನು, ನಾವು ಬೇಕಾದಷ್ಟು ಕೇಳಿದ್ದೇವೆ. ಪಾಸ್ಟರ್ ತೆಗೆದುಕೊಂಡಿದ್ದು ಆಗಲೇ ನಂಬಿಕೆಯ ಒಳಗಿದ್ದವರ ಕಥೆ. ಮೆಥೋಡಿಸ್ಟ್ ಪಂಗಡಕ್ಕೆ ಮೂಲವಾದ ಇಂಗ್ಲೆಂಡಿನ ಜಾನ್ ವೆಸ್ಲಿ 1728ರಲ್ಲೇ ಅಭಿಷೇಕ ಆದ ಪಾದ್ರಿ. ಅಮೆರಿಕದ ಜಾರ್ಜಿಯಾಕ್ಕೆ ಸುವಾರ್ತೆ ಸಾರಲು ಹೋಗಿ, ಸೋತು ವಾಪಸ್ ಬಂದಿದ್ದರು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು, ಅದೂ ಒಲ್ಲದ ಮನಸ್ಸಿನಿಂದ ಅಂತ ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಅಲ್ಲಿ ಯಾರೋ ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಒಂಬತ್ತಕ್ಕೆ ಇನ್ನು ಕಾಲು ಗಂಟೆ ಇರುವಾಗ ಎದೆಯೊಳಗೆ ಏನೋ ಬೆಚ್ಚಗಾಯಿತು. ಬೆಂಗಳೂರಿನವರಿಗೆ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್ ಗೊತ್ತಲ್ವಾ, 1904ರಲ್ಲಿ ಕಟ್ಟಿದ್ದು, ಅದು ಈ ವೆಸ್ಲಿಯ ಹಿಂದೆ ಬಂದ ಮಿಷನ್ನಿನವರದೇ. ಪುಸ್ತಕದ ಮುನ್ನುಡಿ ಓದುವಾಗ ಶುರುವಾಗಿದ್ದು ನಮ್ಮ ಸರ್ಕಲ್‌ವರೆಗೆ ಬಂತು. ನಾನಾದರೆ ಮುನ್ನುಡಿಗಳನ್ನು ಯಾವಾಗಲೂ ಹಾರಿಸಿಬಿಡುತ್ತೇನೆ.

ಇನ್ನೊಬ್ಬರು ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಇದು ನನಗೆ ಗೊತ್ತೇ ಇರಲಿಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು. ಆದರೆ ಎಷ್ಟೋ ವರ್ಷದ ಮೇಲೆ ಅವರು, ನನಗೆ ಅಲ್ಲಿಯವರೆಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಇನ್ನೂ ಸಿಕ್ಕಿರಲಿಲ್ಲ ಅನ್ನುವ ಅರ್ಥದಲ್ಲಿ ತಮ್ಮ ಸಾಕ್ಷಿ ಬರೆದರು. ಪುಣೆ ಹತ್ತಿರದ ಕೇಡಗಾಂವಿನಲ್ಲಿ ಅವರ ಮುಕ್ತಿ ಮಿಷನ್ನಿನ ಹುಡುಗಿಯರ ನಡುವೆ 1905ರಲ್ಲಿ ಹುಟ್ಟಿದ ಉಜ್ಜೀವನದ ಬಗ್ಗೆ ಎಲ್ಲರೂ ಹೇಳುತ್ತಾರೆ, ಪಾಸ್ಟರ್ ಅದನ್ನು ಎರಡೇ ಮಾತಲ್ಲಿ ಮುಗಿಸಿದರು. ಪಾಸ್ಟರ್ ನಿಂತಿದ್ದು, ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅನ್ನುವ ಆ ಮೊದಲ ಮಾತಿನ ಹತ್ತಿರ. "ನನಗೂ ಹಾಗೇ ಆಗಿತ್ತು" ಅಂದರು.

ಆಮೇಲೆ ತಮ್ಮದೇ ಕಥೆ ಹೇಳಿದರು. ಸೇವೆಗೆ ಸೇರಿ ಹದಿನೆಂಟು ವರ್ಷ ಆದ ಮೇಲೆ ಎರಡು ವರ್ಷ ಪೂರ್ತಿ, ಪ್ರಸಂಗ ತಯಾರು ಮಾಡುವುದಕ್ಕೆ ಬಿಟ್ಟರೆ ಬೈಬಲ್ ಮುಟ್ಟಿರಲಿಲ್ಲವಂತೆ. ಮದುವೆ ಮಾಡಿಸಿದರು, ಮಣ್ಣು ಮಾಡಿಸಿದರು, ಆಸ್ಪತ್ರೆಗೆ ಹೋಗಿ ಪ್ರಾರ್ಥನೆ ಮಾಡಿದರು, ಒಳಗೆ ಏನೂ ಇಲ್ಲ. ಯಾರಿಗೂ ಗೊತ್ತೂ ಆಗಲಿಲ್ಲ, ಅದೇ ಭಯ ಆಗಿದ್ದು ಅಂದರು. ಒಂದು ರಾತ್ರಿ ಹೆಂಡತಿಗೆ ಹೇಳಿದರು. ಆ ತಾಯಿ, ಹಾಗಾದರೆ ನೀವು ಪ್ರಾರ್ಥನೆ ಮಾಡಬೇಡಿ, ಇಬ್ಬರೂ ಕೂತು ಬೈಬಲಿನ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ ಜೋರಾಗಿ ಓದೋಣ, ಅಷ್ಟೇ ಸಾಕು ಅಂದರಂತೆ. 150 ಕೀರ್ತನೆ, ಐದು ತಿಂಗಳು. ಒಂದು ದಿನವೂ ಮಿಂಚು ಹೊಡೆದ ಹಾಗೆ ಏನೂ ಆಗಲಿಲ್ಲವಂತೆ. 88ನೇ ಕೀರ್ತನೆ ಓದಿದ ದಿನ ಮಾತ್ರ ಅತ್ತರಂತೆ, ಯಾಕೆಂದರೆ ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಬೇರೆ ದುಃಖದ ಕೀರ್ತನೆಗಳ ಹಾಗೆ ಕೊನೆಗೆ ಸ್ತೋತ್ರ ಬರುವುದಿಲ್ಲ. ಇಂಥದ್ದೂ ಬೈಬಲಿನಲ್ಲಿ ಇದೆಯಲ್ಲ, ಹಾಗಾದರೆ ನನಗೂ ಇಲ್ಲಿ ಜಾಗ ಇದೆ ಅನ್ನಿಸಿತಂತೆ. ಒಬ್ಬ ಪಾಸ್ಟರ್ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು. ನಮ್ಮಲ್ಲಿ ಪಾಸ್ಟರ್ ಅಂದರೆ ಯಾವಾಗಲೂ ತುಂಬಿದ ಕೊಡ ಅಲ್ವಾ.

ಇಷ್ಟೆಲ್ಲ ಆದ ಮೇಲೆ ಶನಿವಾರ ಸಂಜೆ ಕೆಡಿಸಿದರು. ಯಾರೋ ಅತಿಥಿ ಬೋಧಕರು, ಅವರ ಜೊತೆ ಕೀಬೋರ್ಡ್, ಡ್ರಮ್ಸ್, ಆ ಚಿಕ್ಕ ಹಾಲಿಗೆ ಮದುವೆ ಮಂಟಪದ ಸೈಜಿನ ಸ್ಪೀಕರ್. ಮಾವಿನ ತೋಪಿನ ಕಾಗೆಗಳೆಲ್ಲ ಎದ್ದು ಹೋದವು. ಹಾಡುಗಾರಿಕೆ ಬೇಡ ಅಂತಲ್ಲ, ನಾನೂ ಕ್ವಯರ್‌ನಲ್ಲಿ ಹಾಡುವವನೇ. ಆದರೆ ಹಿಂದಿನ ರಾತ್ರಿಯಷ್ಟೇ ಮೆಲ್ಲನೆಯ ದನಿ ಅಂತ ಹೇಳಿ, ಮಾರನೇ ದಿನ ಕಿವಿ ಮುಚ್ಚಿಕೊಳ್ಳುವ ಹಾಗೆ ಮಾಡಿದರೆ ಹೇಗೆ? ಅದರ ಮೇಲೆ ಆ ಹದ್ದಿನ ಕಥೆ. ನೀವೂ ಕೇಳಿರುತ್ತೀರಿ. ಹದ್ದಿಗೆ ನಲವತ್ತು ವರ್ಷ ಆದಾಗ ಬೆಟ್ಟದ ಮೇಲೆ ಹೋಗಿ, ಕೊಕ್ಕನ್ನು ಬಂಡೆಗೆ ಹೊಡೆದು ಮುರಿದುಕೊಂಡು, ಗರಿಯೆಲ್ಲ ಕಿತ್ತುಕೊಂಡು, ಐದು ತಿಂಗಳು ಕಾದು, ಹೊಸ ಕೊಕ್ಕು ಹೊಸ ಗರಿ ಬಂದು ಇನ್ನೂ ಮೂವತ್ತು ವರ್ಷ ಬದುಕುತ್ತದೆ ಅಂತ. ಬೈಬಲಿನ ಯೆಶಾಯ 40ನೇ ಅಧ್ಯಾಯ ಮತ್ತು 103ನೇ ಕೀರ್ತನೆಯಲ್ಲಿ ಹದ್ದು ಬರುವುದು ನಿಜ, ಆದರೆ ಈ ಕಥೆ ಅಲ್ಲೆಲ್ಲೂ ಇಲ್ಲ, ಕಾಡಿನಲ್ಲೂ ಇಲ್ಲ. ಕೊಕ್ಕು ಮುರಿದುಕೊಂಡ ಹದ್ದು ಉಪವಾಸ ಬಿದ್ದು ಸಾಯುತ್ತದೆ, ಅಷ್ಟೇ.

ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಪಾಸ್ಟರ್ ತಟ್ಟೆ ಹಿಡಿದುಕೊಂಡು ನಮ್ಮ ಟೇಬಲ್‌ಗೆ ಬಂದರು. ಯಾರೋ ಹದ್ದಿನ ವಿಷಯ ತೆಗೆದರು. "ಹಾಗೆಲ್ಲ ಮಾಡಲ್ಲ ಕಣ್ರಪ್ಪಾ ಹದ್ದು. ಅದು ಒಂದೊಂದೇ ಗರಿ ಉದುರಿಸುತ್ತೆ, ಆ ಜಾಗದಲ್ಲಿ ಹೊಸದು ಬರುತ್ತೆ. ಎಲ್ಲಾ ಬದಲಾಗೋಕೆ ವರ್ಷಗಟ್ಟಲೆ ಬೇಕು. ಅಷ್ಟೂ ದಿನ ಅದು ಹಾರ್ತಾನೇ ಇರುತ್ತೆ" ಅಂತ ಇಡ್ಲಿ ಮುರಿಯುತ್ತಾ ಹೇಳಿದರು. ದೊಡ್ಡ ಹದ್ದುಗಳು ಗರಿ ಬದಲಿಸುವುದು ಹೀಗೇ, ಇದು ಸರಿಯಾದ ಮಾತು. ನನ್ನ ದೂರು ಏನೆಂದರೆ ಇದನ್ನು ಅವರು ಹಾಲಿನಲ್ಲಿ, ಎಲ್ಲರ ಮುಂದೆ ಹೇಳಬೇಕಿತ್ತು. ಅತಿಥಿಗೆ ಬೇಜಾರಾಗುತ್ತೆ ಅಂತ ನಲವತ್ತು ಜನಕ್ಕೆ ತಪ್ಪು ಕಥೆ ಕಟ್ಟಿ ಕಳಿಸುವುದಾ?

ಒಬ್ಬೊಬ್ಬರ ಜೊತೆಗೂ ಅರ್ಧ ಗಂಟೆ ಮಾತಾಡುತ್ತಾರೆ, ಅದೂ ಇದೇ ದುಡ್ಡಿನಲ್ಲಿ ಸೇರಿದೆ. ಕೇಳಿ ಹೆಸರು ಬರೆಸಬೇಕು, ಅವರಾಗಿ ಕರೆಯುವುದಿಲ್ಲ. ನಾನು ಖಜಾಂಚಿ ಗೋಳು ಹೇಳಿಕೊಂಡೆ. ಬೇರೆ ಯಾರಾದರೂ ಆಗಿದ್ದರೆ ನಿಮ್ಮ ಸೇವೆ ದೇವರ ಪುಸ್ತಕದಲ್ಲಿ ಬರೆದಿರುತ್ತದೆ ಬ್ರದರ್ ಅನ್ನುತ್ತಿದ್ದರು. ಇವರು, "ಒಂದು ವರ್ಷ ಬಿಟ್ಟುಬಿಡು ಮಗಾ. ಸಭೆ ಮುಳುಗಿಹೋಗಲ್ಲ" ಅಂದರು. ನನಗೆ ಚುರುಕ್ ಅಂತು. ನಾನಿಲ್ಲದೆ ಆಡಿಟ್ ಹೇಗೆ ಆಗುತ್ತೆ, ಆ ಕುಂಬಳಕಾಯಿ ದುಡ್ಡು ಯಾರು ವಸೂಲಿ ಮಾಡುತ್ತಾರೆ ಅಂತೆಲ್ಲ ವಾದ ಮಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡರು, ಮತ್ತೇನೂ ಹೇಳಲಿಲ್ಲ.

ಕೊನೆಯದು ಭಾನುವಾರ ಹತ್ತೂವರೆಗೆ, ದೇವರೊಂದಿಗಿನ ಒಡಂಬಡಿಕೆ ನವೀಕರಿಸುವ ಆರಾಧನೆ. ಇದನ್ನು ವೆಸ್ಲಿ 1755ರಲ್ಲಿ ಶುರು ಮಾಡಿದ್ದು. ಮೆಥೋಡಿಸ್ಟರು ಸಾಮಾನ್ಯವಾಗಿ ಹೊಸ ವರ್ಷದ ಮೊದಲ ಭಾನುವಾರ ಮಾಡುತ್ತಾರೆ, ಇವರು ಪ್ರತಿ ರಿಟ್ರೀಟ್ ಕೊನೆಗೂ ಇಟ್ಟುಕೊಂಡಿದ್ದಾರೆ. ಹಾಳೆ ಕೊಟ್ಟಿದ್ದರು, ಎಲ್ಲರೂ ಒಟ್ಟಿಗೆ ಓದಬೇಕು. ನಾನು ನನ್ನವನಲ್ಲ, ನಿನ್ನವನು ಅಂತ ಶುರುವಾಗುತ್ತದೆ. ಓದುತ್ತಾ ಹೋದ ಹಾಗೆ, ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಇಟ್ಟರೂ ಸರಿ ಅನ್ನುವ ಅರ್ಥದ ಒಂದು ಸಾಲು ಬಂತು. ಕೆಲಸಕ್ಕೆ ಹಚ್ಚು ಅಂತ ಜೋರಾಗಿಯೇ ಓದಿದೆ. ಪಕ್ಕಕ್ಕೆ ಇಡು ಅನ್ನುವಲ್ಲಿ ದನಿ ಹೊರಡಲಿಲ್ಲ. ಅಕ್ಕಪಕ್ಕದವರು ಓದಿಕೊಂಡು ಮುಂದಕ್ಕೆ ಹೋದರು, ನಾನು ಅಲ್ಲೇ ನಿಂತಿದ್ದೆ. ಆ ಹಾಳೆ ಈಗಲೂ ಕ್ಯಾಶ್ ಬುಕ್ಕಿನ ಒಳಗೇ ಇದೆ. ರಾಜೀನಾಮೆ ಬರೆದಿಲ್ಲ, ಬರೆಯುತ್ತೇನೋ ಇಲ್ಲವೋ ಗೊತ್ತಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಪಾಸ್‌ಬುಕ್ ಇನ್ನೂ ಕಾಣುತ್ತದೆ, ಆದರೆ ದಿನಾ ಅಲ್ಲ. ರಾತ್ರಿ ಊಟ ಆದ ಮೇಲೆ ನಾವಿಬ್ಬರೂ ಒಂದೊಂದು ಕೀರ್ತನೆ ಓದುತ್ತಿದ್ದೇವೆ, ಈಗ 31ಕ್ಕೆ ಬಂದಿದ್ದೇವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಸ್ಪೀಕರ್‌ಗೆ, ತಣ್ಣೀರಿಗಲ್ಲ. ಅದ್ಭುತ ನೋಡಬೇಕು, ರೋಗ ವಾಸಿಯಾಗಬೇಕು, ಪ್ರವಾದನೆ ಕೇಳಬೇಕು ಅಂತ ಹೋಗುವವರಿಗೆ ಇದು ಸಪ್ಪೆ ಅನ್ನಿಸುತ್ತದೆ, ಬೇಡ. ಚರ್ಚಿನ ಕೆಲಸ ಮಾಡಿಯೇ ಸುಸ್ತಾದವರು, ಸಂಡೇ ಸ್ಕೂಲ್ ಟೀಚರ್‌ಗಳು, ಕಮಿಟಿಯವರು, ಕ್ವಯರ್ ನಡೆಸುವವರು ಹೋಗಿ. ಬುಕ್ ಮಾಡುವ ಮುಂಚೆ ಅತಿಥಿ ಬೋಧಕರು ಇದ್ದಾರಾ ಅಂತ ಕೇಳಿಕೊಳ್ಳಿ, ಇಲ್ಲದ ವಾರ ಸಿಕ್ಕರೆ ಅದೇ ತೆಗೆದುಕೊಳ್ಳಿ. ಒಂದು ಹೆಚ್ಚುವರಿ ಹೊದಿಕೆ ಇರಲಿ. ಸೊಳ್ಳೆಬತ್ತಿ ಅಲ್ಲಿ ಕೊಡುವುದಿಲ್ಲ, ಮರೆಯದೆ ತೆಗೆದುಕೊಂಡು ಹೋಗಿ.