ಶಿರಸಿ ಪೇಟೆಯಲ್ಲಿ ಫ್ಲೂ ಇಂಜೆಕ್ಷನ್: ಫ್ರಿಜ್ಜಿಗೆ ಪೂರ್ತಿ ಅಂಕ, ಬೆಂಚಿಗೆ ಇಲ್ಲ

ಹಂದಿಜ್ವರಕ್ಕೆ ಇಂಜೆಕ್ಷನ್ ಹಾಕಿಸುವುದು ಒಳ್ಳೆಯದಾ, ಎಲ್ಲಿ ಹಾಕಿಸುವುದು ಅಂತ ಊರಲ್ಲಿ ಸುಮಾರು ಜನ ಕೇಳುತ್ತಾರೆ. ಈ ಸಲ ಮಳೆಗಾಲಕ್ಕೆ ಮುಂಚೆ ಆಯಿಯನ್ನು (ಅಮ್ಮನನ್ನು) ಕರೆದುಕೊಂಡು ಶಿರಸಿ ಪೇಟೆಯ ಒಂದು ಸಣ್ಣ ಕ್ಲಿನಿಕ್‌ಗೆ ಹೋಗಿ ಇಬ್ಬರೂ ಹಾಕಿಸಿಕೊಂಡೆವು. ಒಬ್ಬರಿಗೆ ಎರಡು ಸಾವಿರದ ಒಳಗೇ ಆಯಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದು ವಿಷಯಕ್ಕೆ ಮಾತ್ರ ಬೇಜಾರಾಗಿದೆ. ಆ ತೊಂದರೆ ಬಹಳ ಕಡೆ ಇರುವುದರಿಂದ ಕ್ಲಿನಿಕ್‌ನ ಹೆಸರು ಹಾಕುತ್ತಿಲ್ಲ.

ಮೊದಲು ಫ್ರಿಜ್ಜಿನ ಮಾತು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ಬಿಸಿ ತಾಗಿದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ನಮ್ಮ ಕಡೆ ಗಾಳಿಮಳೆ ಶುರುವಾದರೆ ಕರೆಂಟಿನ ಕಥೆ ಗೊತ್ತಲ್ಲ, ಲೈನ್ ಮೇಲೆ ಒಂದು ಮರ ಬಿದ್ದರೆ ರಾತ್ರಿಯಿಡೀ ಕತ್ತಲೆ. ಹಾಗಾಗಿ ಸಂಕೋಚ ಬಿಟ್ಟು ಕೇಳಿದೆ, "ಸಿಸ್ಟರ್, ಕರೆಂಟ್ ಹೋದ್ರೆ ಇದನ್ನ ಹೇಗೆ ಇಡ್ತೀರಿ?" ಅವರು ಮುಖ ಗಂಟು ಹಾಕಲಿಲ್ಲ. ಒಳಗೆ ಕರೆದು ಫ್ರಿಜ್ ತೋರಿಸಿದರು. ಬಾಗಿಲ ಮೇಲಿನ ಸಣ್ಣ ಪರದೆಯಲ್ಲಿ 4 ಅಂತ ಇತ್ತು. ಪಕ್ಕದ ಮೊಳೆಗೆ ಒಂದು ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್ನು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡಿಗ್ರಿ ಬರೆದು ಸಹಿ ಹಾಕಿದ್ದಾರೆ. ಇನ್ವರ್ಟರ್ ಇದೆ, ಅದೂ ಸಾಲದಿದ್ದರೆ ಐಸ್ ಪ್ಯಾಕ್ ಇಟ್ಟ ಡಬ್ಬಿ ಇದೆ. ಒಳಗೆ ಲಸಿಕೆ ಬಿಟ್ಟರೆ ಊಟದ ಡಬ್ಬಿ, ನೀರಿನ ಬಾಟಲಿ ಏನೂ ಇರಲಿಲ್ಲ. ಪ್ಯಾಕೆಟ್ ಒಡೆಯುವ ಮುಂಚೆ ಎಕ್ಸ್‌ಪೈರಿ ದಿನಾಂಕವನ್ನು ನನ್ನ ಕೈಯಲ್ಲೇ ಓದಿಸಿದರು. ಇಷ್ಟು ಶಿಸ್ತು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಡಾಕ್ಟರು ಅವಸರ ಮಾಡದೆ ಮಾತಾಡಿದರು. ಆಯಿಗೆ ಮನಸ್ಸಿರಲಿಲ್ಲ. "ಎಂತಕ್ಕೆ ಸುಮ್ನೆ? ಕಷಾಯ ಕುಡದ್ರೆ ಸಾಕಲ್ದಾ?" ಅಂದಳು. "ಕಷಾಯ ಕುಡೀರಿ ಅಮ್ಮಾ, ಗಂಟಲಿಗೆ ಹಿತ. ಆದ್ರೆ ನಿಮಗೆ ಶುಗರ್ ಇದೆ. ಈ ಜ್ವರ ಶ್ವಾಸಕೋಶಕ್ಕೆ ಇಳಿದ್ರೆ ನಿಮ್ಮಂಥವರಿಗೇ ಜಾಸ್ತಿ ಕಷ್ಟ" ಅಂದರು. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ದಮ್ಮು, ಹೃದಯದ ಕಾಯಿಲೆ ಇರುವವರು ಎಲ್ಲ ಇದೇ ಸಾಲಿನವರು.

ಹೆಸರಿನಲ್ಲಿ ಹಂದಿ ಇದ್ದರೂ ಇದು ಈಗ ಮನುಷ್ಯರಿಂದ ಮನುಷ್ಯರಿಗೇ ಹರಡುವ ಜ್ವರ. ಚೆನ್ನಾಗಿ ಬೇಯಿಸಿದ ಹಂದಿಮಾಂಸ ತಿಂದರೆ ಬರುವುದಿಲ್ಲ. 2009ರಲ್ಲಿ ಎಚ್1ಎನ್1 ಅಂತ ಜಗತ್ತೆಲ್ಲ ಹಬ್ಬಿತು, 2010ರ ಆಗಸ್ಟ್‌ನಲ್ಲಿ ಆ ಮಹಾಮಾರಿ ಮುಗಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ವೈರಸ್ ಮಾತ್ರ ಹೋಗಲಿಲ್ಲ, ವರ್ಷಾ ವರ್ಷಾ ಬರುವ ಫ್ಲೂ ಜೊತೆ ಸೇರಿಕೊಂಡಿತು. 2015ರಲ್ಲಿ ನಮ್ಮ ದೇಶದಲ್ಲೇ 42 ಸಾವಿರಕ್ಕೂ ಜಾಸ್ತಿ ಕೇಸು, ಸುಮಾರು 3 ಸಾವಿರ ಸಾವು. ಹಾಗಾಗಿ ಹಂದಿಜ್ವರಕ್ಕೆ ಅಂತ ಬೇರೆ ಇಂಜೆಕ್ಷನ್ ಹುಡುಕಬೇಕಾಗಿಲ್ಲ, ಫ್ಲೂ ಲಸಿಕೆಯಲ್ಲೇ ಅದೂ ಇರುತ್ತದೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿ ವರ್ಷ ಹಾಕಿಸಬೇಕು. ರಕ್ಷಣೆ ಬರಲು ಎರಡು ವಾರ ಬೇಕು. ಹಾಕಿಸಿಕೊಂಡವರಿಗೆ ಜ್ವರ ಬರುವುದೇ ಇಲ್ಲ ಅಂತಲ್ಲ, ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವ ಸಾಧ್ಯತೆ ಕಡಿಮೆ. ಆಯಿಗೆ ಒಂದು ದಿನ ತೋಳು ನೋವು ಇತ್ತು, ಅಷ್ಟೇ.

ಇನ್ನು ಬೇಜಾರಿನ ವಿಷಯ. ಲಸಿಕೆಗೆ ಬಂದವರನ್ನೂ ಜ್ವರ ಅಂತ ಬಂದವರನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತಾರೆ. ಆಯಿಯ ಪಕ್ಕದಲ್ಲೇ ಒಬ್ಬ ಹುಡುಗ ಬಾಯಿಗೆ ಕೈ ಇಟ್ಟು ಕೆಮ್ಮುತ್ತಿದ್ದ, ಅದೇ ಕೈಯಲ್ಲಿ ಬೆಂಚಿನ ಹಿಡಿ ಹಿಡಿದ. ಪಾಪ, ಅವನದೇನು ತಪ್ಪು? ಕೆಮ್ಮಿನ ಹನಿಗಳು ಒಂದೆರಡು ಮೀಟರ್ ದೂರದವರನ್ನೂ ಮುಟ್ಟುತ್ತವೆ. ಗಟ್ಟಿ ಮೇಲ್ಮೈ ಮೇಲೆ ಈ ವೈರಸ್ ಒಂದು ದಿನ, ಕೆಲವೊಮ್ಮೆ ಎರಡು ದಿನ ಉಳಿಯುತ್ತದೆ. ಆ ಹಿಡಿ ಮುಟ್ಟಿ ಮೂಗು ಉಜ್ಜಿದರೆ ಮುಗಿಯಿತು. ಎದುರಿನ ಗೋಡೆಯ ಮೇಲೆ 'ಕೆಮ್ಮುವಾಗ ತೋಳಿನ ಮಡಿಕೆ ಅಡ್ಡ ಹಿಡಿಯಿರಿ' ಅಂತ ಚಿತ್ರ ಸಮೇತ ಪೋಸ್ಟರ್ ಇದೆ. ಆದರೆ ಕೆಮ್ಮುವವರಿಗೆ ಒಂದು ಮಾಸ್ಕ್ ಕೊಡುವವರಿಲ್ಲ, ಕೈ ತೊಳೆಯುವ ಬೇಸಿನ್ ಹತ್ತಿರ ಸೋಪಿಲ್ಲ. ಲಸಿಕೆಗೆ ದಿನಕ್ಕೆ ಒಂದು ಗಂಟೆ ಬೇರೆ ಇಟ್ಟರೆ ಸಾಕು, ಖರ್ಚೇನೂ ಇಲ್ಲ. ಕೌಂಟರಿನಲ್ಲಿ ಹೇಳಿದೆ, ಡಾಕ್ಟರಿಗೂ ಹೇಳಿದೆ. ನೋಡೋಣ ಅಂದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಹೊರಗೆ ಜಗುಲಿಯಲ್ಲೇ ಕೂತಿರಿ, ಹೆಸರು ಕರೆದಾಗ ಒಳಗೆ ಹೋಗಿ. ನಾವು ಕೊನೆಗೆ ಹಾಗೇ ಮಾಡಿದೆವು.

ಜ್ವರ ಬಂದರೆ ಏನು ಮಾಡಬೇಕು ಅಂತ ಒಂದು ಹಾಳೆ ಕೊಟ್ಟರು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಸಾಧಾರಣ ಜ್ವರ, ಗಂಟಲು ನೋವು, ಮೈಕೈ ನೋವು ಇದ್ದರೆ ಮನೆಯಲ್ಲೇ ಬೇರೆ ಕೋಣೆಯಲ್ಲಿ ಇರಿ, ಸಂತೆ ಮದುವೆ ಅಂತ ಓಡಾಡಬೇಡಿ. ಎಲ್ಲರಿಗೂ ಗಂಟಲ ದ್ರವದ ಪರೀಕ್ಷೆ ಬೇಕಾಗಿಲ್ಲ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಉಗುರು ನೀಲಿಯಾದರೆ, ಮಂಪರು ಬಂದರೆ, ಮಗು ಊಟ ಬಿಟ್ಟರೆ ಕಾಯದೆ ಆಸ್ಪತ್ರೆಗೆ. ಫ್ಲೂ ವೈರಸ್ ತಡೆಯುವ ಓಸೆಲ್ಟಾಮಿವಿರ್ ಮಾತ್ರೆ ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಡಾಕ್ಟರೇ ಬರೆಯಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆಂಟಿಬಯೋಟಿಕ್ ವೈರಸ್‌ಗೆ ನಾಟುವುದಿಲ್ಲ.

ಆ ಹಾಳೆಯಲ್ಲಿ ಇಲ್ಲದ್ದು ಒಂದಿದೆ. ನಮ್ಮ ಶಿರಸಿ, ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಜ್ವರ ಅಂದರೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯೂ ಇರಬಹುದು. ದರಕು (ಒಣ ಎಲೆ) ತರಲು, ಸೊಪ್ಪಿಗೆ ಅಂತ ಕಾಡಿಗೆ ಹೋಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಲಸಿಕೆಗೆ ಹೋಗುವ ಮುಂಚೆ ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ, ಜೋರು ಜ್ವರ ಇರುವ ದಿನ ಹೋಗಬೇಡಿ. ಆರು ತಿಂಗಳು ತುಂಬಿದ ಮಕ್ಕಳಿಗೂ ಹಾಕುತ್ತಾರೆ. ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಇರುತ್ತದೆ, ಅದಕ್ಕೂ ದುಡ್ಡು ಎತ್ತಿಟ್ಟುಕೊಳ್ಳಿ.